ಕಾಮೆಂಟ್ರಿ ಬಾಕ್ಸ್‌ನಿಂದ ಕೋಚ್ ಕುರ್ಚಿಗೆ: ಒಬ್ಬ ಫುಟಿ ಆಟಗಾರನ ಎರಡು ವರ್ಷ

1998ರ ಕೊನೆಯಲ್ಲಿ ಮೆಲ್ಬರ್ನ್‌ನ ಒಂದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ (ಜನರ ಬಾಯಲ್ಲಿ 'ಫುಟಿ') ಕ್ಲಬ್ ತನ್ನ ಮುಖ್ಯ ಕೋಚ್ ಹುದ್ದೆಗೆ ಒಬ್ಬ ಹಳೆಯ ಆಟಗಾರರನ್ನು ಕರೆತಂದಿತು. ಅವರು 307 ಪಂದ್ಯ ಆಡಿದ್ದರು. ಮೂರು ಪ್ರೀಮಿಯರ್‌ಶಿಪ್ ಗೆದ್ದಿದ್ದರು. ಟಿವಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಮುಖ. ಆದರೆ ಆ ಮಟ್ಟದಲ್ಲಿ ಒಂದು ತಂಡವನ್ನು ಕೋಚ್ ಆಗಿ ನಡೆಸಿದ ಅನುಭವ ಅವರಿಗೆ ಇರಲಿಲ್ಲ. ಎರಡು ಸೀಸನ್ ಮುಗಿಯುವ ಹೊತ್ತಿಗೆ ಲೆಕ್ಕ ಹೀಗಿತ್ತು: 44 ಪಂದ್ಯ, 12 ಗೆಲುವು, 31 ಸೋಲು, ಒಂದು ಡ್ರಾ. ಅವರು ಹುದ್ದೆ ಬಿಟ್ಟು ಮಾಧ್ಯಮಕ್ಕೆ ವಾಪಸ್ ಹೋದರು. ಮತ್ತೆಂದೂ ಯಾವ ಕ್ಲಬ್‌ಗೂ ಮುಖ್ಯ ಕೋಚ್ ಆಗಲಿಲ್ಲ.

ಆಟಗಾರರ ಹೆಸರನ್ನೂ, ಅವರು ಆಡಿದ ಕ್ಲಬ್, ಕೋಚ್ ಆದ ಕ್ಲಬ್ ಎರಡರ ಹೆಸರನ್ನೂ ಬೇಕಂತಲೇ ಬಿಟ್ಟಿದ್ದೇನೆ. ಈ ಆಟವನ್ನು ಹತ್ತಿರದಿಂದ ನೋಡುವವರಿಗೆ ಯಾರೆಂದು ಹೊಳೆಯಬಹುದು. ಆದರೆ ನನಗೆ ಮುಖ್ಯ ಅನಿಸಿದ್ದು ಆ ನಿರ್ಧಾರ. ಚೆನ್ನಾಗಿ ಆಡಿದವರು, ಆಟದ ಬಗ್ಗೆ ಚೆನ್ನಾಗಿ ಮಾತಾಡುವವರು, ಆಟವನ್ನು ಚೆನ್ನಾಗಿ ಕಲಿಸಿಯೇ ಕಲಿಸುತ್ತಾರೆ ಅಂತ ನಾವು ಸುಲಭವಾಗಿ ನಂಬಿಬಿಡುತ್ತೇವೆ. ಆ ನಂಬಿಕೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎನ್ನುವುದು ಈ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಮೆಲ್ಬರ್ನ್‌ನ ಎಂಸಿಜಿ ನಮಗೆ ಕ್ರಿಕೆಟ್ ಮೈದಾನವಾಗಿ ಗೊತ್ತು. ಚಳಿಗಾಲದಲ್ಲಿ ಅದೇ ಮೈದಾನದಲ್ಲಿ ಫುಟಿ ನಡೆಯುತ್ತದೆ. ಒಂದು ಕಡೆ 18 ಜನ, ಮೊಟ್ಟೆಯಾಕಾರದ ಚೆಂಡು, ನಾಲ್ಕು ಕ್ವಾರ್ಟರ್. ಚೆಂಡನ್ನು ಒದೆಯಬಹುದು, ಮುಷ್ಟಿಯಿಂದ ಗುದ್ದಿ ಪಾಸ್ ಮಾಡಬಹುದು, ಎಸೆಯುವ ಹಾಗಿಲ್ಲ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, ಅದಕ್ಕೆ ಆರು ಪಾಯಿಂಟ್, ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ ಒಂದು. ಸೆಪ್ಟೆಂಬರ್ ಹೊತ್ತಿಗೆ ಗ್ರಾಂಡ್ ಫೈನಲ್. ಅದನ್ನು ಗೆದ್ದರೆ ಪ್ರೀಮಿಯರ್‌ಶಿಪ್. ಪಟ್ಟಿಯ ತಳದಲ್ಲಿ ಉಳಿದ ತಂಡಕ್ಕೆ 'ವುಡನ್ ಸ್ಪೂನ್' ಎನ್ನುತ್ತಾರೆ.

ಹಿನ್ನೆಲೆ

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಪಶ್ಚಿಮ ಭಾಗದಲ್ಲಿ, ಗೋಧಿ ಬೆಳೆಯುವ ಸೀಮೆಯ ಸಣ್ಣ ಊರಿನ ಹುಡುಗ. 1977ರಲ್ಲಿ ದೊಡ್ಡ ಲೀಗ್‌ನಲ್ಲಿ ಮೊದಲ ಪಂದ್ಯ ಆಡಿದಾಗ ವಯಸ್ಸು ಹದಿನೈದು. ಆಗ ಲೀಗ್‌ನಲ್ಲಿ ಹನ್ನೆರಡೇ ಕ್ಲಬ್, ಎಲ್ಲವೂ ವಿಕ್ಟೋರಿಯಾದವು. ಹದಿನೈದರ ಹುಡುಗ ಆಳೆತ್ತರದ ಗಂಡಸರ ನಡುವೆ ನುಗ್ಗಿ ಚೆಂಡು ತೆಗೆಯುತ್ತಿದ್ದುದು ಜನರ ಕಣ್ಣಿಗೆ ಬಿತ್ತು.

1981ರಲ್ಲಿ ಅವರು ಆಡುತ್ತಿದ್ದ ಕ್ಲಬ್‌ಗೆ ಹೊಸ ಕೋಚ್ ಬಂದರು. ಆ ಕೋಚ್ ಮುಂದೆ 27 ವರ್ಷ ಅಲ್ಲೇ ಉಳಿದರು. ಇದನ್ನು ಸುಮ್ನೆ ಹೇಳುತ್ತಿಲ್ಲ. ನಮ್ಮ ಆಟಗಾರರ ಮುಖ್ಯ ವರ್ಷಗಳೆಲ್ಲ ಒಬ್ಬರೇ ಕೋಚ್ ಕೈಕೆಳಗೆ, ಗಟ್ಟಿಯಾಗಿ ನಿಂತ ಒಂದು ವ್ಯವಸ್ಥೆಯೊಳಗೆ ಕಳೆದವು. 1983ರ ಗ್ರಾಂಡ್ ಫೈನಲ್‌ನಲ್ಲಿ ಹಾಥಾರ್ನ್ ಎದುರು 83 ಪಾಯಿಂಟ್‌ಗಳ ಹೀನಾಯ ಸೋಲು. ಮರುವರ್ಷ ಅದೇ ಹಾಥಾರ್ನ್ ಎದುರು ಕೊನೆಯ ಕ್ವಾರ್ಟರ್‌ಗೆ ಇಳಿಯುವಾಗ 23 ಪಾಯಿಂಟ್ ಹಿಂದೆ. ಆ ಕ್ವಾರ್ಟರ್‌ನಲ್ಲಿ ಒಂಬತ್ತು ಗೋಲು ಹೊಡೆದು 24 ಪಾಯಿಂಟ್‌ಗಳಿಂದ ಗೆದ್ದರು. 1985ರಲ್ಲಿ ಮತ್ತೆ ಅದೇ ಎದುರಾಳಿ, ಮತ್ತೆ ಪ್ರೀಮಿಯರ್‌ಶಿಪ್. 1989ರಿಂದ 1991ರವರೆಗೆ ನಮ್ಮ ಆಟಗಾರರೇ ಕ್ಯಾಪ್ಟನ್. 1990ರ ಗ್ರಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ ಎದುರು 48 ಪಾಯಿಂಟ್ ಸೋಲು. ಆ ದಿನ ಕಾಲಿಂಗ್‌ವುಡ್‌ನ ಕೋಚ್ ಲೀ ಮ್ಯಾಥ್ಯೂಸ್. ಈ ಹೆಸರು ಮುಂದೆ ಬೇಕಾಗುತ್ತದೆ.

1991ರ ಕೊನೆಗೆ ನಿವೃತ್ತಿ ಹೇಳಿದರು. ಆದರೆ ಹಳೆಯ ಕೋಚ್ ಬಿಡಲಿಲ್ಲ. 1993ರಲ್ಲಿ ಮತ್ತೆ ಬೂಟು ಹಾಕಿಸಿದರು. ಆ ವರ್ಷದ ತಂಡ ತೀರಾ ಎಳೆಯರದು, ಶಾಲೆ ಮುಗಿಸದ ಹುಡುಗನೂ ಇದ್ದ. ಗ್ರಾಂಡ್ ಫೈನಲ್‌ಗೆ ಮೊದಲಿನ, ಸೆಮಿಫೈನಲ್‌ನಂಥ ಪ್ರಿಲಿಮಿನರಿ ಫೈನಲ್‌ನಲ್ಲಿ ಅಡಿಲೇಡ್ ಎದುರು ಅರ್ಧ ಆಟಕ್ಕೆ 42 ಪಾಯಿಂಟ್ ಹಿಂದೆ ಬಿದ್ದು, 11 ಪಾಯಿಂಟ್‌ಗಳಿಂದ ಗೆದ್ದರು. ಮುಂದಿನ ವಾರ ಕಾರ್ಲ್ಟನ್ ಎದುರು ಪ್ರೀಮಿಯರ್‌ಶಿಪ್. ನಮ್ಮ ಆಟಗಾರರಿಗೆ ಆಗ 32. 1994ರಲ್ಲಿ ಆಟ ಮುಗಿಸಿದಾಗ 307 ಪಂದ್ಯ, 335 ಗೋಲು.

ಆಮೇಲೆ ಟಿವಿ. ಸೆವೆನ್ ನೆಟ್‌ವರ್ಕ್‌ನಲ್ಲಿ ಫುಟಿ ಕಾಮೆಂಟ್ರಿ, ಕಾರ್ಯಕ್ರಮ. ಗಲಾಟೆ ಇಲ್ಲದ, ತಿಳಿಯಾದ ಮಾತು. ಆಟದ ಒಳಹೊರಗನ್ನು ಮನೆಯಲ್ಲಿ ಕೂತವರಿಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳುವ ಗುಣ ಅವರಿಗಿತ್ತು.

ಕ್ಲಬ್‌ನ ಕಷ್ಟ

ಈಗ ಅವರನ್ನು ಕೋಚ್ ಆಗಿ ಕರೆದ ಎರಡನೇ ಕ್ಲಬ್‌ನ ಕಥೆ. ನೂರು ವರ್ಷ ದಾಟಿದ ಕ್ಲಬ್, ಗೆದ್ದದ್ದು ಒಂದೇ ಪ್ರೀಮಿಯರ್‌ಶಿಪ್. ಅದೂ 1966ರಲ್ಲಿ, ಒಂದೇ ಒಂದು ಪಾಯಿಂಟ್ ಅಂತರದಲ್ಲಿ. 1997ರಲ್ಲಿ ಲೀಗ್ ಪಟ್ಟಿಯಲ್ಲಿ ಮೊದಲನೆಯವರಾಗಿ ಗ್ರಾಂಡ್ ಫೈನಲ್ ತಲುಪಿ, ಅಡಿಲೇಡ್‌ಗೆ 31 ಪಾಯಿಂಟ್‌ಗಳಿಂದ ಸೋತರು. 1998ರಲ್ಲಿ ಚೆನ್ನಾಗಿ ಶುರುಮಾಡಿ, ಕೊನೆಗೆ ಜಾರಿ, ಫೈನಲ್ಸ್‌ನಲ್ಲಿ, ಅಂದರೆ ಮೇಲಿನ ತಂಡಗಳು ಸೀಸನ್ ಕೊನೆಗೆ ಆಡುವ ಸುತ್ತಿನಲ್ಲಿ, ಒಂದೂ ಪಂದ್ಯ ಗೆಲ್ಲದೆ ಹೊರಬಿದ್ದರು. ಆಡಳಿತ ಮಂಡಳಿ ಕೋಚ್‌ರನ್ನು ತೆಗೆದುಹಾಕಿತು. ಒಂದು ವರ್ಷದ ಹಿಂದೆಯಷ್ಟೇ ಗ್ರಾಂಡ್ ಫೈನಲ್‌ಗೆ ಕರೆದೊಯ್ದಿದ್ದವರು ಅವರು!

ನನ್ನ ದೃಷ್ಟಿಯಲ್ಲಿ ಮೊದಲ ತಿರುವು ಇದೇ. ತಂಡ ಗೆಲುವಿನ ಹತ್ತಿರ ಇದೆ, ತಲೆ ಬದಲಿಸಿದರೆ ಸಾಕು ಅಂತ ಮಂಡಳಿ ತಿಳಿಯಿತು. ಆದರೆ ತಂಡದ ಬೆನ್ನೆಲುಬಾಗಿದ್ದವರಲ್ಲಿ ಹಲವರು ಮೂವತ್ತರ ಆಸುಪಾಸಿನಲ್ಲಿದ್ದರು. ಒಬ್ಬ ಹಿರಿಯ ತಾರೆ ಅದೇ ವರ್ಷದ ಕೊನೆಗೆ ಬೇರೆ ಕ್ಲಬ್‌ಗೆ ಹೋದರು. 1997, 1998 ಎರಡೂ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್ಲೋ ಪದಕ ಗೆದ್ದವರು ಈ ತಂಡದಲ್ಲೇ ಇದ್ದರು, ನಿಜ. ಆದರೆ ಒಬ್ಬ ಆಟಗಾರನ ಬೆಳಕಿನಲ್ಲಿ ಇಡೀ ತಂಡದ ವಯಸ್ಸು ಕಾಣದೆ ಹೋಗಬಹುದು. ಕಟ್ಟಿದ ತಂಡವನ್ನು ಮುಂದೆ ಓಡಿಸುವುದು ಒಂದು ಕೆಲಸ. ಬಿಚ್ಚಿ ಹೊಸದಾಗಿ ಕಟ್ಟುವುದು ಇನ್ನೊಂದು. ತಾವು ಯಾವ ಕೆಲಸಕ್ಕೆ ಜನ ಹುಡುಕುತ್ತಿದ್ದೇವೆ ಅನ್ನುವುದನ್ನೇ ಕ್ಲಬ್ ಸರಿಯಾಗಿ ಕೇಳಿಕೊಂಡಿರಲಿಲ್ಲ ಅಂತ ನನಗೆ ಅನಿಸುತ್ತದೆ.

ಎರಡನೇ ತಿರುವು ಆಯ್ಕೆಯದು. ಹೆಸರು, ಜನಪ್ರಿಯತೆ, ಗೆದ್ದ ಅನುಭವ, ಮಾತಿನ ಶಕ್ತಿ ಎಲ್ಲ ಇದ್ದವರನ್ನು ಕರೆದರು. ಇದಕ್ಕೆ ಒಂದು ಹಳೆಯ ಕಾರಣವೂ ಇದೆ. ಆಸ್ಟ್ರೇಲಿಯನ್ ಫುಟಿಯಲ್ಲಿ ಕೋಚ್ ಅಂದರೆ ಮೈನವಿರೇಳಿಸುವ ಭಾಷಣ ಮಾಡುವವರು ಅನ್ನುವ ಚಿತ್ರ ಗಟ್ಟಿಯಾಗಿ ಕೂತಿದೆ. 1970ರ ಗ್ರಾಂಡ್ ಫೈನಲ್‌ಗೆ ಎಂಸಿಜಿಯಲ್ಲಿ 1,21,696 ಜನ ಸೇರಿದ್ದರು. ಕಾರ್ಲ್ಟನ್ ಅರ್ಧ ಆಟಕ್ಕೆ 44 ಪಾಯಿಂಟ್ ಹಿಂದಿತ್ತು. ಕೋಚ್ ರಾನ್ ಬರಾಸಿ ತಮ್ಮ ಹುಡುಗರಿಗೆ ಮುಷ್ಟಿಪಾಸ್ ಮಾಡುತ್ತಲೇ ಮುನ್ನುಗ್ಗಿ ಅಂತ ಹೇಳಿ ಕಳಿಸಿದರು, ತಂಡ 10 ಪಾಯಿಂಟ್‌ಗಳಿಂದ ಗೆದ್ದಿತು. ಜನ ನೆನಪಿಟ್ಟುಕೊಂಡದ್ದು ಆ ವಿರಾಮದ ಮಾತನ್ನು. ಬರಾಸಿ ಅಷ್ಟರಲ್ಲಿ ಆ ತಂಡವನ್ನು ಆರನೇ ಸೀಸನ್ ನಡೆಸುತ್ತಿದ್ದರು ಅನ್ನುವುದು ಮರೆತುಹೋಯಿತು. ಆ ಮಾತಿಗೆ ತೂಕ ಬಂದದ್ದು ಆ ಆರು ವರ್ಷಗಳಿಂದ ಅಲ್ವಾ?

ಅವರು ಒಪ್ಪಿಕೊಂಡದ್ದು ಯಾಕೆ ಅಂತ ಯೋಚಿಸಿದರೆ, ತಪ್ಪು ಹುಡುಕಲು ನನಗೆ ಮನಸ್ಸು ಬರುವುದಿಲ್ಲ. ಹದಿನೈದನೇ ವಯಸ್ಸಿನಿಂದ ಆಟದೊಳಗೆ ಬೆಳೆದವರು. ಕ್ಯಾಪ್ಟನ್ ಆಗಿದ್ದವರು. ಲೀಗ್‌ನಲ್ಲಿ ಹದಿನಾರೇ ಕ್ಲಬ್, ಅಂದರೆ ಹದಿನಾರೇ ಮುಖ್ಯ ಕೋಚ್ ಹುದ್ದೆ. ಅಂಥ ಒಂದು ಹುದ್ದೆ ತಾನಾಗಿ ಬಾಗಿಲಿಗೆ ಬಂದಾಗ 'ನಾಲ್ಕು ವರ್ಷ ಸಹಾಯಕನಾಗಿ ಇದ್ದು ಕಲಿತು ಬರುತ್ತೇನೆ' ಅನ್ನಲು ಯಾರಿಗೆ ಸಾಧ್ಯ? ಮತ್ತೆ ಕರೆ ಬರುತ್ತದೆ ಅನ್ನುವ ಖಾತ್ರಿ ಯಾರಿಗೂ ಇರುವುದಿಲ್ಲ.

ಮೇಲಿನ ಎರಡು ಗಾಜಿನ ಕೋಣೆಗಳು

ಇಲ್ಲಿ ಸ್ವಲ್ಪ ನಿಲ್ಲಬೇಕು. ಫುಟಿಯಲ್ಲಿ ಕಾಮೆಂಟ್ರಿಯವರೂ ಕೋಚ್‌ಗಳೂ ಸ್ಟ್ಯಾಂಡಿನ ಮೇಲೆ, ಎತ್ತರದಲ್ಲಿ ಗಾಜಿನ ಕೋಣೆಗಳಲ್ಲಿ ಕೂರುತ್ತಾರೆ. ಇಬ್ಬರಿಗೂ ಕಾಣುವ ಆಟ ಒಂದೇ. ಹಾಗಾಗಿ ಎರಡೂ ಒಂದೇ ಕೆಲಸದ ಎರಡು ರೂಪ ಅನ್ನಿಸುತ್ತದೆ. ಅಲ್ಲ.

ಕಾಮೆಂಟ್ರಿಯವರು ಆದದ್ದನ್ನು ವಿವರಿಸುತ್ತಾರೆ. ಹಿಂಭಾಗದಲ್ಲಿ ಒಬ್ಬ ಎದುರಾಳಿ ಬಿಡುವಾಗಿ ಓಡಿದ, ಗೋಲು ಬಿತ್ತು, ಯಾಕೆ ಬಿತ್ತು ಅಂತ ಹೇಳುತ್ತಾರೆ. ಕೋಚ್ ಅದನ್ನು ಅದಕ್ಕೂ ಮೊದಲೇ ಕಾಣಬೇಕು. ಯಾರನ್ನು ಎಲ್ಲಿಗೆ ಸರಿಸಬೇಕು ಅಂತ ನಿರ್ಧರಿಸಬೇಕು. ಅದನ್ನು ಫೋನಿನಲ್ಲಿ ಕೆಳಗೆ ಬೆಂಚಿಗೆ ಹೇಳಬೇಕು. ಅಲ್ಲಿಂದ 'ರನ್ನರ್' ಓಡಿಹೋಗಿ ಆಟಗಾರನ ಕಿವಿಗೆ ಮುಟ್ಟಿಸಬೇಕು. ಕೋಚ್ ತಾನೇ ಆಟಗಾರರ ಎದುರು ನಿಂತು ಮಾತಾಡುವುದು ಕ್ವಾರ್ಟರ್ ವಿರಾಮಗಳಲ್ಲಿ ಮಾತ್ರ. ತಲೆಯೊಳಗಿನ ಒಳ್ಳೆಯ ವಿಚಾರ ಮೈದಾನ ತಲುಪುವ ಹೊತ್ತಿಗೆ ಏಳೆಂಟು ಶಬ್ದಕ್ಕೆ ಇಳಿದಿರುತ್ತದೆ. ಆ ಏಳೆಂಟು ಶಬ್ದ ಕೇಳಿದ ಕೂಡಲೇ ಆಟಗಾರನಿಗೆ ಪೂರ್ತಿ ಅರ್ಥವಾಗಬೇಕಾದರೆ ಅದರ ಹಿಂದೆ ತಿಂಗಳುಗಟ್ಟಲೆ ಅಭ್ಯಾಸ ಇರಬೇಕು.

ಇನ್ನು ಪಂದ್ಯದ ದಿನ ಬಿಟ್ಟು ಉಳಿದ ಆರು ದಿನ. ಕಾಮೆಂಟ್ರಿಯವರು ಪಂದ್ಯ ಮುಗಿದ ಸೈರನ್ ಕೇಳಿದ ಮೇಲೆ ಮೈಕ್ ಇಟ್ಟು ಮುಂದಿನ ಪಂದ್ಯದ ಬಗ್ಗೆ ಯೋಚಿಸಬಹುದು. ಕೋಚ್‌ಗೆ ಸೋಮವಾರ ಅದೇ ನಲವತ್ತು ಮುಖಗಳು. ಯಾರ ಮೊಣಕಾಲು ಊದಿದೆ, ಯಾರನ್ನು ತಂಡದಿಂದ ಬಿಡಬೇಕು, ಬಿಟ್ಟವನಿಗೆ ಮುಖ ನೋಡಿ ಹೇಗೆ ಹೇಳಬೇಕು, ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಯಾವ ಹುಡುಗನ ಮೇಲೆ ಕಣ್ಣಿಡಬೇಕು, ಸೋತ ಮೇಲೆ ಪತ್ರಕರ್ತರಿಗೆ ಏನು ಹೇಳಬೇಕು. ಇದರಲ್ಲಿ ಕೊನೆಯದೊಂದನ್ನು ಬಿಟ್ಟು ಯಾವುದಕ್ಕೂ ಟಿವಿ ತಯಾರಿ ಕೊಡುವುದಿಲ್ಲ.

ಅಸಾಧಾರಣ ಪ್ರತಿಭೆ ಇದ್ದವರಿಗೆ ಇನ್ನೊಂದು ತೊಡಕು. ಹದಿನೈದಕ್ಕೇ ದೊಡ್ಡವರ ಜೊತೆ ಆಡಿದವರಿಗೆ ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದು ಯೋಚಿಸದೆಯೇ ಗೊತ್ತಾಗುತ್ತದೆ. ಆ ಗೊತ್ತಾಗುವಿಕೆ ಇಲ್ಲದ ಹುಡುಗನಿಗೆ ಅದನ್ನು ಹಂತ ಹಂತವಾಗಿ ಕಲಿಸುವುದು ಬೇರೆ ವಿದ್ಯೆ. ಹಾಡುಗಾರರೆಲ್ಲ ಸಂಗೀತದ ಮೇಷ್ಟ್ರು ಆಗುವುದಿಲ್ಲವಲ್ಲ, ಹಾಗೆ.

ಏನಾಯಿತು

1999ರ ಸೀಸನ್ ಪೂರ್ತಿ ಕೆಟ್ಟದಾಗಿರಲಿಲ್ಲ. 22 ಪಂದ್ಯಗಳಲ್ಲಿ 10 ಗೆಲುವು, 12 ಸೋಲು, ಹತ್ತನೇ ಸ್ಥಾನ. ಆಗ ಮೇಲಿನ ಎಂಟು ತಂಡ ಮಾತ್ರ ಫೈನಲ್ಸ್‌ಗೆ ಹೋಗುತ್ತಿದ್ದವು. ಹೊಸ ಕೋಚ್‌ನ ಮೊದಲ ವರ್ಷ ಅಂತ ನೋಡಿದರೆ ಒಪ್ಪಬಹುದಾದ ಫಲಿತಾಂಶ. ಆದರೆ ಫೈನಲ್ಸ್ ನಮ್ಮ ಹಕ್ಕು ಎಂದುಕೊಂಡಿದ್ದ ಕ್ಲಬ್‌ಗೆ ಇದು ಹಿನ್ನಡೆ.

ನಿಜವಾದ ಆಘಾತ 2000ರದ್ದು. ಇಡೀ ವರ್ಷ ಗೆದ್ದದ್ದು ಎರಡೇ ಪಂದ್ಯ. ಒಂದು ಡ್ರಾ, 19 ಸೋಲು, ವುಡನ್ ಸ್ಪೂನ್. ಮೂರು ವರ್ಷದ ಹಿಂದೆ ಪಟ್ಟಿಯ ತುದಿಯಲ್ಲಿದ್ದ ತಂಡ ತಳ ಸೇರಿತು. ಅದೇ ವರ್ಷ ಅವರ ಹಳೆಯ ಕ್ಲಬ್ ಆಡಿದ 25 ಪಂದ್ಯಗಳಲ್ಲಿ ಒಂದನ್ನು ಮಾತ್ರ ಸೋತು ಪ್ರೀಮಿಯರ್‌ಶಿಪ್ ಎತ್ತಿತು. ಅಲ್ಲಿ ಇನ್ನೂ ಅದೇ ಹಳೆಯ ಕೋಚ್. ವಾರ ವಾರ ಒಂದೇ ಊರಿನ ಪತ್ರಿಕೆಗಳಲ್ಲಿ ಈ ಎರಡು ತಂಡಗಳ ಸುದ್ದಿ ಅಕ್ಕಪಕ್ಕ ಬರುತ್ತಿತ್ತು. ಅಂಥ ವರ್ಷವನ್ನು ದಿನ ದಿನವೂ ಹೊತ್ತು ನಡೆದವರ ಬಗ್ಗೆ ನನಗೆ ಮರುಕಕ್ಕಿಂತ ಗೌರವವೇ ಜಾಸ್ತಿ.

ಅನುಭವ ಇಲ್ಲದ ಕೋಚ್ ಮೊದಲ ವರ್ಷಕ್ಕಿಂತ ಎರಡನೇ ವರ್ಷ ಜಾಸ್ತಿ ಕಷ್ಟಪಡುವುದರಲ್ಲಿ ಒಂದು ಅರ್ಥ ಇದೆ. ಮೊದಲ ವರ್ಷ ತಂಡ ಹಳೆಯ ಅಭ್ಯಾಸದ ಮೇಲೆ ಓಡುತ್ತದೆ, ಹೊಸ ದನಿಗೆ ಆಟಗಾರರು ಕಿವಿ ಕೊಡುತ್ತಾರೆ. ಎರಡನೇ ವರ್ಷ ಹಿರಿಯರು ದಣಿದಿರುತ್ತಾರೆ, ಎದುರಾಳಿಗಳು ನಿಮ್ಮ ಆಟ ಓದಿರುತ್ತಾರೆ, ಸೋಲಿನ ಸರಣಿ ಶುರುವಾದರೆ ನಿಲ್ಲಿಸುವ ಉಪಾಯ ಬೇಕು. ಅಂಥ ಉಪಾಯಗಳನ್ನು ಕೋಚ್‌ಗಳು ಸಾಮಾನ್ಯವಾಗಿ ಸಣ್ಣ ಲೀಗ್‌ಗಳಲ್ಲಿ, ಯಾರೂ ನೋಡದ ಮೈದಾನಗಳಲ್ಲಿ ಸೋತು ಸೋತು ಸಂಪಾದಿಸಿರುತ್ತಾರೆ. ಇವರು ಸೋತದ್ದೆಲ್ಲ ಇಡೀ ಊರಿನ ಕಣ್ಣೆದುರು.

2000ರ ಕೊನೆಗೆ ಅವರು ಹುದ್ದೆ ಬಿಟ್ಟರು. ಇದು ಮೂರನೇ ತಿರುವು. ಇದನ್ನು ಸೋಲು ಅಂತ ಮಾತ್ರ ನೋಡುವುದು ತಪ್ಪು. ಹಟಕ್ಕೆ ಬಿದ್ದು ಇನ್ನೊಂದು ಕ್ಲಬ್ ಹುಡುಕಿಕೊಂಡು ಅಲೆಯಲಿಲ್ಲ. ಸೆವೆನ್‌ನ ಮೆಲ್ಬರ್ನ್ ಸಂಜೆ ಸುದ್ದಿಯಲ್ಲಿ ಕ್ರೀಡಾ ವಿಭಾಗ ನಡೆಸಿದರು, ವರ್ಷಗಟ್ಟಲೆ. ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮವನ್ನೂ ಮಾಡಿದರು. ಕೋಚ್ ಆಗಿ ಕಳೆದದ್ದು ಎರಡೇ ವರ್ಷ, ಮಾಧ್ಯಮದಲ್ಲಿ ಕಳೆದದ್ದು ದಶಕಗಳು. ಇವತ್ತು ಮೆಲ್ಬರ್ನ್‌ನ ಬಹಳ ಜನರಿಗೆ ಅವರು ಮೊದಲು ಆ ದನಿ, ಆಮೇಲೆ ಆಟಗಾರ, ಕೋಚ್ ಅನ್ನುವುದು ಎಲ್ಲೋ ಕೊನೆಗೆ.

ಅದೇ ಕಾಲದ ಬೇರೆ ದಾರಿಗಳು

ಈ ಪ್ರಕರಣ ಒಂಟಿಯಾಗಿ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಅದೇ 1999ರಲ್ಲಿ ಟಿವಿ ಬಿಟ್ಟು ಕೋಚ್ ಕುರ್ಚಿಗೆ ಬಂದ ಇನ್ನೊಬ್ಬರು ಲೀ ಮ್ಯಾಥ್ಯೂಸ್. ಹಿಂದಿನ ವರ್ಷ ಕೊನೆಯ ಸ್ಥಾನದಲ್ಲಿದ್ದ ಬ್ರಿಸ್ಬೇನ್ ಲಯನ್ಸ್ ಅವರ ಪಾಲಿಗೆ ಬಂತು. ಮೊದಲ ವರ್ಷವೇ ಪ್ರಿಲಿಮಿನರಿ ಫೈನಲ್. 2001, 2002, 2003ರಲ್ಲಿ ಸತತ ಮೂರು ಪ್ರೀಮಿಯರ್‌ಶಿಪ್. ಅವರೂ ಮಹಾನ್ ಆಟಗಾರ, ಅವರೂ ಮಾಧ್ಯಮದವರು. ಆದರೆ ಮಾಧ್ಯಮಕ್ಕೆ ಹೋಗುವ ಮೊದಲು ಕಾಲಿಂಗ್‌ವುಡ್‌ನಲ್ಲಿ ಹತ್ತು ಸೀಸನ್ ಕೋಚ್ ಆಗಿದ್ದರು. 1990ರಲ್ಲಿ ಆ ಕ್ಲಬ್‌ನ 32 ವರ್ಷದ ಬರವನ್ನು ಮುಗಿಸಿದ್ದರು. ಟಿವಿಯ ವರ್ಷಗಳು ಅವರಿಗೆ ದಣಿವಾರಿಸಿಕೊಂಡು ಹೊಸದಾಗಿ ನೋಡುವ ಬಿಡುವಾದವು. ನಮ್ಮ ಆಟಗಾರರಿಗೆ ಅವೇ ವರ್ಷಗಳು ತಯಾರಿಯ ಜಾಗದಲ್ಲಿ ನಿಲ್ಲಬೇಕಾಯಿತು.

ಇನ್ನೊಂದು ಹೋಲಿಕೆ ಇನ್ನೂ ಹತ್ತಿರದ್ದು. 1999ರಲ್ಲಿ ನಮ್ಮ ಆಟಗಾರರ ಸಹಾಯಕ ಕೋಚ್‌ಗಳಲ್ಲಿ ಒಬ್ಬರು ಹಿಂದೆ 134 ಪಂದ್ಯ ಆಡಿದ್ದವರು, ದೊಡ್ಡ ತಾರೆ ಅಲ್ಲ. ಆ ವರ್ಷ ಮುಗಿದ ಮೇಲೆ ಅವರು ಕೆಳಗಿನ ಲೀಗ್‌ಗೆ ಇಳಿದು ವೆರಿಬಿ ಎಂಬ ತಂಡ ನಡೆಸಿದರು. ಆಮೇಲೆ ದಕ್ಷಿಣ ಆಸ್ಟ್ರೇಲಿಯಾದ ಲೀಗ್‌ಗೆ ಹೋಗಿ 2001ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದರು. ಮತ್ತೆ ಎರಡು ವರ್ಷ ದೊಡ್ಡ ಲೀಗ್‌ನಲ್ಲಿ ಸಹಾಯಕ. 2004ರ ಕೊನೆಗೆ ಹಾಥಾರ್ನ್‌ನ ಮುಖ್ಯ ಕೋಚ್ ಆದಾಗ ಬಹಳ ಜನರಿಗೆ ಅವರ ಹೆಸರೇ ಹೊಸದು. 2008, 2013, 2014, 2015ರಲ್ಲಿ ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದರು. ಒಂದೇ ಗಾಜಿನ ಕೋಣೆಯಲ್ಲಿ ಕೂತಿದ್ದ ಇಬ್ಬರು. ಒಬ್ಬರಿಗೆ ಹೆಸರು ಇದ್ದದ್ದಕ್ಕೆ ಮೆಟ್ಟಿಲು ತಪ್ಪಿತು, ಇನ್ನೊಬ್ಬರಿಗೆ ಹೆಸರು ಇಲ್ಲದ್ದಕ್ಕೆ ಒಂದೊಂದೇ ಮೆಟ್ಟಿಲು ಸಿಕ್ಕಿತು.

ಹಾಗಂತ ಅನುಭವಿ ಕೋಚ್ ಬಂದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅಂತ ಹೇಳಲಾರೆ. ಇದಕ್ಕೆ ಆ ಕ್ಲಬ್ಬೇ ಸಾಕ್ಷಿ. 2001ಕ್ಕೆ ಅವರು ತಂದದ್ದು 1997 ಮತ್ತು 1998ರಲ್ಲಿ ಅಡಿಲೇಡ್‌ಗೆ ಎರಡು ಪ್ರೀಮಿಯರ್‌ಶಿಪ್ ಗೆಲ್ಲಿಸಿದ್ದ ಕೋಚ್‌ರನ್ನು. ಅಂದರೆ 1997ರ ಗ್ರಾಂಡ್ ಫೈನಲ್‌ನಲ್ಲಿ ತಮ್ಮನ್ನೇ ಸೋಲಿಸಿದ್ದವರನ್ನು. ಅವರನ್ನು 15 ಪಂದ್ಯಕ್ಕೇ ಮನೆಗೆ ಕಳಿಸಿದರು. 1998ರಿಂದ 2001ರೊಳಗೆ ನಾಲ್ಕು ಮುಖ್ಯ ಕೋಚ್‌ಗಳು. ಈ ಲೆಕ್ಕ ನೋಡಿದ ಮೇಲೆ 12 ಗೆಲುವು, 31 ಸೋಲಿನ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಲು ಬರುವುದಿಲ್ಲ. ಕಲಿಯುವವರಿಗೆ ಕಾಲ ಕೊಡದ, ಕಲಿತವರಿಗೂ ಕಾಲ ಕೊಡದ ಕ್ಲಬ್ ಅದು. ನಾಲ್ಕನೆಯವರಿಗೆ 2006ರವರೆಗೆ ಸಮಯ ಸಿಕ್ಕಿತು. 2004 ಮತ್ತು 2005ರಲ್ಲಿ ತಂಡ ಪ್ರಿಲಿಮಿನರಿ ಫೈನಲ್ ಆಡಿತು. ಆ ಬೆಳವಣಿಗೆಯ ಬೀಜ ಬಿದ್ದದ್ದು 2000ರ ಆ ಕರಾಳ ವರ್ಷದಲ್ಲೇ. ತೀರಾ ಕಡಿಮೆ ಗೆದ್ದ ತಂಡಕ್ಕೆ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ ಕೊಡುವ ನಿಯಮ ಆಗ ಇತ್ತು. ಅದರಿಂದ ಆ ವರ್ಷದ ಮೊದಲ ಎರಡೂ ಆಯ್ಕೆಗಳು ಈ ಕ್ಲಬ್‌ಗೆ ಸಿಕ್ಕವು. ಮೊದಲ ಆಯ್ಕೆಯ ಹುಡುಗ ಮುಂದೆ ಕ್ಯಾಪ್ಟನ್ ಆಗಿ ಅದೇ ಕ್ಲಬ್‌ಗೆ 336 ಪಂದ್ಯ ಆಡಿದರು.

ಇದೇ ಪ್ರಶ್ನೆ ಹತ್ತು ವರ್ಷದ ನಂತರ ಮತ್ತೆ ಬಂತು. ಬ್ರಿಸ್ಬೇನ್‌ನ ಮೂರು ಪ್ರೀಮಿಯರ್‌ಶಿಪ್‌ಗಳ ಕ್ಯಾಪ್ಟನ್ ಮೈಕಲ್ ವಾಸ್ 2006ರಲ್ಲಿ ಆಟ ಬಿಟ್ಟು ಟಿವಿಗೆ ಹೋದರು. 2009ಕ್ಕೆ ನೇರವಾಗಿ ತಮ್ಮ ಹಳೆಯ ಕ್ಲಬ್‌ನ ಮುಖ್ಯ ಕೋಚ್ ಆದರು. 2013ರಲ್ಲಿ ಅವರನ್ನು ತೆಗೆದರು. ಅವರು ಮಾಡಿದ್ದು ನಮ್ಮ ಆಟಗಾರರು ಮಾಡಿದ್ದಕ್ಕೆ ಪೂರ್ತಿ ಬೇರೆ. ಮುಖ್ಯ ಕೋಚ್ ಆಗಿದ್ದವರು ಪೋರ್ಟ್ ಅಡಿಲೇಡ್‌ನಲ್ಲಿ ಸಹಾಯಕನಾಗಿ ಸೇರಿಕೊಂಡು ಏಳು ಸೀಸನ್ ಕೆಲಸ ಮಾಡಿದರು. 2022ರಲ್ಲಿ ಕಾರ್ಲ್ಟನ್ ಅವರಿಗೆ ಎರಡನೇ ಅವಕಾಶ ಕೊಟ್ಟಿತು. 2023ರಲ್ಲಿ ತಂಡವನ್ನು ಪ್ರಿಲಿಮಿನರಿ ಫೈನಲ್‌ಗೆ ಕರೆದೊಯ್ದರು. ಬಿಟ್ಟುಹೋದ ಮೆಟ್ಟಿಲನ್ನು ಆಮೇಲೆ ಇಳಿದು ಬಂದು ಹತ್ತಲು ಸಾಧ್ಯ. ಆದರೆ ಅದಕ್ಕೆ ಕೋಚಿಂಗ್ ಬಿಟ್ಟು ಬೇರೇನೂ ಬೇಡ ಅನ್ನುವ ಹಂಬಲ ಬೇಕು. ನಮ್ಮ ಆಟಗಾರರಿಗೆ ಮೈಕ್ ಮುಂದೆ ಕೂತಾಗ ಸಿಗುತ್ತಿದ್ದ ಖುಷಿ ಆ ಹಂಬಲಕ್ಕಿಂತ ದೊಡ್ಡದಾಗಿತ್ತು ಅಂತ ಅವರ ನಂತರದ ವರ್ಷಗಳನ್ನು ನೋಡಿದರೆ ನನಗೆ ಅನಿಸುತ್ತದೆ. ಎರಡೂ ಯೋಗ್ಯವಾದ ದಾರಿಗಳೇ.